ಕ್ರೇಟಿನ ಮೇಲೆ ಪಟ್ಟದ ಗೊಂಬೆ: ಡ್ರೆಸ್ಡೆನ್ ದಸರಾ ದಿನಚರಿ, 2024

ಸೆಪ್ಟೆಂಬರ್ 14

ಈ ಸಲ ಗೊಂಬೆ ಕೂರಿಸುವುದು ಗ್ಯಾರಂಟಿ. ಕಳೆದ ವರ್ಷ ನವರಾತ್ರಿ ಹೊತ್ತಿಗೆ ನಾನಿನ್ನೂ ವಿಳಾಸ ನೋಂದಾಯಿಸಲು ಇಲ್ಲಿನ ಕಚೇರಿಯಲ್ಲಿ ಸರದಿ ಕಾಯುತ್ತಿದ್ದೆ. ಹಬ್ಬ ಬಂದದ್ದೂ ಹೋದದ್ದೂ ವಾಟ್ಸಾಪಿನಲ್ಲೇ. ಈ ವರ್ಷ ಪಾಡ್ಯ ಅಕ್ಟೋಬರ್ 3ಕ್ಕೆ ಬಿದ್ದಿದೆ. ಅವತ್ತು ಇಡೀ ಜರ್ಮನಿಗೇ ರಜೆ, 1990ರಲ್ಲಿ ಪೂರ್ವ ಪಶ್ಚಿಮ ಎರಡೂ ಒಂದಾದ ದಿನ. ಚಳಿಗಾಲದ ತರಗತಿಗಳೂ ಶುರುವಾಗಿರುವುದಿಲ್ಲ.

ಕೈಯಲ್ಲಿರುವ ಸರಕು ಇಷ್ಟು: ಗೇಣುದ್ದದ ಪಟ್ಟದ ಗೊಂಬೆ ಒಂದು ಜೊತೆ, ಚನ್ನಪಟ್ಟಣದ ಎತ್ತಿನಗಾಡಿ, ಬುಗುರಿಗಳು, ತಲೆ ಅಲ್ಲಾಡಿಸುವ ಒಬ್ಬ ಮುದುಕ. ಬೇಸಿಗೆಯಲ್ಲಿ ಮೈಸೂರಿಗೆ ಹೋದಾಗ ಅಮ್ಮ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಕೊಟ್ಟದ್ದು. ಪಟ್ಟದ ಗೊಂಬೆ ತವರಿನವರು ಮದುವೆಯಲ್ಲಿ ಕೊಡುವ ವಸ್ತು. "ಮದುವೇಲಿ ಕೊಡೋದನ್ನ ಎಮ್ಮೆಸ್ಸಿಗೇ ಕೊಟ್ಟು ಕಳಿಸ್ತಿದೀಯಲ್ಲೇ" ಎಂದು ಅಜ್ಜಿ ಗೊಣಗಿದರೂ ಕೊನೆಗೆ ರಾಣಿಗೆ ಹೊಸ ಜರಿ ಸೀರೆ ಉಡಿಸಿಕೊಟ್ಟದ್ದು ಅವರೇ.

ಮನೆಯಲ್ಲಿ ನಾವು ಮೂವರು. ಸಿವಿಲ್ ಎಂಜಿನಿಯರಿಂಗ್ ಓದುವ ಸ್ಯಾಕ್ಸನಿಯ ಹುಡುಗ, ಪಿಯಾನೊ ಕಲಿಯುವ ಜಪಾನಿನ ಹುಡುಗಿ, ನಾನು. ಗೊಂಬೆ ಹಬ್ಬವೆಂದರೆ ಏನು ಎಂದು ವಿವರಿಸಲು ಹೊರಟೆ. ಮೆಟ್ಟಿಲು, ಮೇಲಿನ ಸಾಲಿನಲ್ಲಿ ರಾಜ ರಾಣಿ, ಕೆಳಗೆ ಪರಿವಾರ ಎನ್ನುವಷ್ಟರಲ್ಲಿ ಜಪಾನಿನವಳು ಚಹಾ ಕಪ್ಪು ಕೆಳಗಿಟ್ಟಳು. ಅವರಲ್ಲಿ ಮಾರ್ಚ್ 3ಕ್ಕೆ ಹಿನಾ ಮತ್ಸುರಿ ಅಂತ ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ತುದಿಯಲ್ಲಿ ಚಕ್ರವರ್ತಿ ದಂಪತಿ, ಎರಡನೆಯದರಲ್ಲಿ ಮೂವರು ಸಖಿಯರು, ಮೂರನೆಯದರಲ್ಲಿ ಐವರು ವಾದ್ಯಗಾರರು. ನಾನು ಮತ್ತೇನೂ ವಿವರಿಸಬೇಕಾಗಲಿಲ್ಲ. ಅವಳದು ಒಂದೇ ಪ್ರಶ್ನೆ: ನಿಮ್ಮ ರಾಣಿ ಯಾವ ಕಡೆ? ರಾಜನ ಎಡಕ್ಕೆ, ಅಂದರೆ ನೋಡುವವರ ಬಲಕ್ಕೆ ಎಂದೆ. ಟೋಕಿಯೊ ಕಡೆಯೂ ಹಾಗೇ, ಕ್ಯೋಟೊದವರು ಮಾತ್ರ ಉಲ್ಟಾ ಇಡುತ್ತಾರಂತೆ. ಅವಳು ಟೋಕಿಯೊದವಳು. ಜಗಳ ತಪ್ಪಿತು.

ಸೆಪ್ಟೆಂಬರ್ 18

ಮೆಟ್ಟಿಲ ಸಮಸ್ಯೆ ಬಗೆಹರಿಯಿತು. ಊರಲ್ಲಾದರೆ ಅಟ್ಟದಿಂದ ಇಳಿಸುವ ಕಬ್ಬಿಣದ ಸ್ಟ್ಯಾಂಡು. ಇಲ್ಲಿ ಹೊಸ ಕಪಾಟು ಕೊಳ್ಳಲು ದುಡ್ಡಿಲ್ಲ, ಆಮೇಲೆ ಇಡಲು ಜಾಗವೂ ಇಲ್ಲ. ಸಿವಿಲ್ ಹುಡುಗ ಬಾಲ್ಕನಿ ಕಡೆ ಕೈ ತೋರಿಸಿದ. ಅಲ್ಲಿ ಖಾಲಿ ಪಾನೀಯದ ಕ್ರೇಟುಗಳು. ಜರ್ಮನಿಯ ಎಲ್ಲ ವಿದ್ಯಾರ್ಥಿ ಮನೆಗಳಲ್ಲೂ ಈ ಸಂಪತ್ತು ಇರುತ್ತದೆ. 40 ಸೆಂಟಿಮೀಟರ್ ಉದ್ದ, 30 ಅಗಲ, ಸುಮಾರು ಒಂದಡಿ ಎತ್ತರ. ಒಂದರ ಮೇಲೊಂದು ಕಚ್ಚಿಕೊಂಡು ಕೂರುವ ಹಾಗೇ ಅಚ್ಚು ಹಾಕಿರುತ್ತಾರೆ. ಮುಂದೆ ಒಂದು ಎತ್ತರ, ನಡುವೆ ಎರಡು, ಹಿಂದೆ ಮೂರು, ಅಗಲಕ್ಕೆ ಮೂರು ಮೂರು: ಒಟ್ಟು 18 ಕ್ರೇಟು, ಮೂರು ಮೆಟ್ಟಿಲು. ಮೆಟ್ಟಿಲ ಸಂಖ್ಯೆ ಬೆಸವೇ ಆಗಬೇಕೆಂಬ ನಿಯಮವೂ ಉಳಿಯಿತು. ಒಂದೊಂದು ಕ್ರೇಟಿಗೆ ಒಂದೂವರೆ ಯೂರೊ ಠೇವಣಿ, ವಾಪಸು ಕೊಟ್ಟರೆ ದುಡ್ಡು ವಾಪಸು. ಅಂದರೆ ಬಂಡವಾಳ 27 ಯೂರೊ, ನಷ್ಟ ಸೊನ್ನೆ. ನಮ್ಮಲ್ಲಿಲ್ಲದ್ದನ್ನು ಅಕ್ಕಪಕ್ಕದವರಿಂದ ತಂದೆವು.

ಒಂದೇ ತೊಡಕು, ಅರ್ಧಕ್ಕರ್ಧ ಬಿಯರಿನ ಕ್ರೇಟು. ಅಮ್ಮನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ತೊಳದಿದೀಯಾ ಪುಟ್ಟಿ?" ತೊಳೆದಿದ್ದೇನೆ ಎಂದೆ. "ನೀರಿಂದು, ಜ್ಯೂಸಿಂದು ಮೇಲಿನ ಸಾಲಿಗೆ ಹಾಕು. ಮೇಲೊಂದು ಬಿಳೀ ಪಂಚೆ ಹಾಸು." ತೀರ್ಪು ಮುಗಿಯಿತು.

ಹೊರಗೆ ಎಲ್ಬೆ ನದಿ ಉಕ್ಕಿ ದಂಡೆಯ ಹುಲ್ಲುಗಾವಲೆಲ್ಲ ಮುಚ್ಚಿಹೋಗಿದೆ. ಹೋದ ವಾರವಷ್ಟೇ, ಸೆಪ್ಟೆಂಬರ್ 11ರ ಬೆಳಗಿನ ಜಾವ ಮೂರರ ಸುಮಾರಿಗೆ, ಕರೋಲಾ ಸೇತುವೆಯ ಒಂದು ಪಟ್ಟಿ ಸುಮಾರು ನೂರು ಮೀಟರಿನಷ್ಟು ನದಿಗೆ ಬಿತ್ತು. ಅದು ಟ್ರಾಮ್ ಓಡುವ ಪಟ್ಟಿ. ಯಾರಿಗೂ ಏನೂ ಆಗಲಿಲ್ಲ, ಕೊನೆಯ ಟ್ರಾಮ್ ಕೆಲವೇ ನಿಮಿಷ ಮೊದಲು ದಾಟಿತ್ತಂತೆ. ಸೇತುವೆಗೆ ಅಂಟಿಕೊಂಡಿದ್ದ ಬಿಸಿನೀರಿನ ಕೊಳವೆಗಳೂ ಒಡೆದು ಅವತ್ತು ಊರಿನ ಬಹುಪಾಲು ಜನಕ್ಕೆ ತಣ್ಣೀರ ಸ್ನಾನ. ಸಿವಿಲ್ ಹುಡುಗನ ಬಾಯಲ್ಲಿ ಅಂದಿನಿಂದ ಬೇರೆ ಮಾತೇ ಇಲ್ಲ.

ಸೆಪ್ಟೆಂಬರ್ 21

ಗೊಂಬೆ ಮುಂದೆ ಪಾರ್ಕು ಬೇಕಲ್ಲ. ಮೈಸೂರಲ್ಲಿ ತಟ್ಟೆಗೆ ಮಣ್ಣು ಹಾಕಿ ರಾಗಿ, ಸಾಸಿವೆ ಚೆಲ್ಲಿ ಪೈರು ಬರಿಸುತ್ತೇವೆ, ನಡುವೆ ಕನ್ನಡಿ ಇಟ್ಟರೆ ಕೊಳ. ನನ್ನ ಜೊತೆ ಓದುವ ಇರಾನಿನ ಗೆಳತಿ ಇದನ್ನು ಕೇಳಿ ಮಣ್ಣೇ ಬೇಡ ಎಂದಳು. ಅವರ ನೌರೂಜ್ ಹಬ್ಬಕ್ಕೂ ಹೀಗೇ ತಟ್ಟೆಯಲ್ಲಿ ಹಸಿರು ಬೆಳೆಸುತ್ತಾರೆ, ಸಬ್ಜೆ ಅನ್ನುತ್ತಾರೆ. ಮಸೂರ್ ಕಾಳು ನೆನೆಸಿ, ಮೊಳಕೆ ಬಂದಮೇಲೆ ತಟ್ಟೆಯಲ್ಲಿ ಹರಡಿ, ಒದ್ದೆ ಬಟ್ಟೆ ಮುಚ್ಚಿಟ್ಟು ದಿನಾ ನೀರು ಚಿಮುಕಿಸಬೇಕು. ಪಾಡ್ಯಕ್ಕೆ ಸರಿಯಾಗಿ ಬೆರಳುದ್ದ ಬರುತ್ತದೆ ಎಂದು ದಿನ ಎಣಿಸಿ ಇವತ್ತು ಅವಳೇ ನೆನೆಹಾಕಿದಳು. ರಾಗಿಯನ್ನೂ ಒಂದು ಬಟ್ಟಲಲ್ಲಿ ಹಾಕಿದ್ದೇನೆ, ಮರ್ಯಾದೆ ಪ್ರಶ್ನೆ.

ಸೆಪ್ಟೆಂಬರ್ 28

ಪಾರ್ಸೆಲ್ ಬಂತು. ಸಿವಿಲ್ ಹುಡುಗನ ಅಜ್ಜಿ ಇರುವುದು ಅದಿರಿನ ಬೆಟ್ಟಗಳೆಂದು ಕರೆಯುವ ಎರ್ಟ್ಸ್‌ಗೆಬಿರ್ಗೆಯಲ್ಲಿ, ಡ್ರೆಸ್ಡೆನ್ನಿನ ದಕ್ಷಿಣಕ್ಕೆ, ಚೆಕ್ ಗಡಿಯ ಪಕ್ಕ. ಅಲ್ಲಿನ ಜೈಫನ್ ಎಂಬ ಊರು ಮರದ ಗೊಂಬೆಗೆ ಹೆಸರಾದದ್ದು. ಗಣಿಯಲ್ಲಿ ತವರ ಕಡಿಮೆಯಾದ ಮೇಲೆ ಗಣಿಯವರೆಲ್ಲ ಮರ ಕಡೆಯುವ ಲೇತ್ ಹಿಡಿದು ಗೊಂಬೆ ಮಾಡತೊಡಗಿದರು.

ಅವರ ಕಸುಬನ್ನು ವಿಡಿಯೊದಲ್ಲಿ ಕಂಡು ನನಗೆ ಚನ್ನಪಟ್ಟಣ ನೆನಪಾಗದೇ ಇರಲಿಲ್ಲ. ಆದರೆ ವಿಧಾನ ಪೂರ್ತಿ ಬೇರೆ. ನಮ್ಮವರು ಆಲೆ ಮರದ ತುಂಡನ್ನು ತಿರುಗಿಸುತ್ತ ಒಂದೊಂದೇ ಗೊಂಬೆ ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಬಣ್ಣ ಕರಗಿ ಹಿಡಿಯುತ್ತದೆ, ಮೇಲೆ ಕೇದಿಗೆ ಗರಿಯಿಂದ ಉಜ್ಜಿ ಹೊಳಪು. ಜೈಫನ್ನಿನವರು ಹಸಿ ಸ್ಪ್ರೂಸ್ ಮರದ ಬಿಲ್ಲೆಯನ್ನು ಕಡೆದು ಉಂಗುರ ಮಾಡುತ್ತಾರೆ. ಆ ಉಂಗುರದ ಮೈಮೇಲೆ ಏಣು ತಗ್ಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಚಾಕು ಇಟ್ಟು ಸೀಳಿದರೆ ಒಂದೊಂದು ಹೋಳೂ ಒಂದು ಕುದುರೆ, ಇಲ್ಲವೇ ಹಸು! ಆಮೇಲೆ ಕಿವಿ, ಬಾಲ ಅಂಟಿಸಿ ಬಣ್ಣ ಹಚ್ಚುವುದು. ಕಡೆಯುವಾಗ ಒಳಗಿನ ಪ್ರಾಣಿ ಅವರಿಗೆ ಕಾಣುವುದೇ ಇಲ್ಲ. ಈ ವಿಡಿಯೊವನ್ನು ನಾನು ನೋಡಿದಷ್ಟು ಸಲ ನನ್ನ ಥೀಸಿಸ್ ಮಾರ್ಗದರ್ಶಕರ ಉಪನ್ಯಾಸ ನೋಡಿದ್ದರೆ ಅವರು ಸಂತೋಷಪಡುತ್ತಿದ್ದರು.

ಅಜ್ಜಿ ಕಳಿಸಿದ್ದು ಬೈಬಲ್ಲಿನ ನೋವಾನ ನಾವೆಯ ಪ್ರಾಣಿಗಳ ಹಳೇ ಸೆಟ್ಟು, ಅದರಲ್ಲಿ ಎರಡು ಆನೆ! ಜಂಬೂಸವಾರಿ ಖಾತ್ರಿಯಾಯಿತು. ಜೊತೆಗೆ ಒಬ್ಬ ಧೂಪದ ಮನುಷ್ಯ: ಹೊಟ್ಟೆಯೊಳಗೆ ಪುಟ್ಟ ಧೂಪದ ಬತ್ತಿ ಹಚ್ಚಿಟ್ಟರೆ ಬಾಯಿಂದ ಹೊಗೆ ಬಿಡುತ್ತಾನೆ. ಇವನನ್ನು ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕಷ್ಟೇ ಹೊರಗೆ ತೆಗೆಯುವುದು ವಾಡಿಕೆ. ಅಜ್ಜಿ ಚೀಟಿ ಇಟ್ಟಿದ್ದಾರೆ: ನೋಡಲು ಇಟ್ಟುಕೊಳ್ಳಿ, ಡಿಸೆಂಬರಿಗೆ ಮುಂಚೆ ಹೊಗೆ ಹಾಕುವ ಹಾಗಿಲ್ಲ. ಮೈಸೂರಿನ ಅಜ್ಜಿಗೂ ಇವರಿಗೂ ಫೋನು ಹಚ್ಚಿಕೊಟ್ಟರೆ ಭಾಷೆ ಬಾರದೆಯೂ ಇಬ್ಬರಿಗೂ ಹೊಂದೀತು.

ಅಕ್ಟೋಬರ್ 2

ನಾಳೆ ಅಂಗಡಿಗಳೆಲ್ಲ ಬಂದ್, ಹಾಗಾಗಿ ಇವತ್ತೇ ಸಾಮಾನು. ಏಷ್ಯಾ ಅಂಗಡಿಯ ವಿಯೆಟ್ನಾಮಿ ಆಂಟಿಯ ಹತ್ತಿರ ಫ್ರೀಜ್ ಮಾಡಿದ ತೆಂಗಿನತುರಿ, ಕರಿಬೇವು. ಪೂರ್ವ ಜರ್ಮನಿಯ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದು ಉಳಿದ ವಿಯೆಟ್ನಾಮಿನವರು ಈ ಊರಲ್ಲಿ ಬಹಳ.

ರಾತ್ರಿ ಎಲ್ಲ ಕೂರಿಸಿದೆವು. ಮೇಲೆ ಕಲಶ, ಪಟ್ಟದ ಗೊಂಬೆ. ಅವುಗಳ ಪಕ್ಕ ಜಪಾನಿನವಳು ಮಡಚಿದ ಕಾಗದದ ಚಕ್ರವರ್ತಿ ದಂಪತಿ. ಸಾಮಂತರೆಂದು ಅಮ್ಮ ಒಪ್ಪಿಕೊಂಡಳು. ನಡುವೆ ಜಂಬೂಸವಾರಿ. ಮೈಸೂರಿನ ಅಂಬಾರಿ 750 ಕಿಲೊ, ನಮ್ಮದು ಚಾಕೊಲೇಟಿನ ಚಿನ್ನದ ಕಾಗದ. ಶೆಟ್ಟರ ಅಂಗಡಿಯಿಲ್ಲದೆ ಗೊಂಬೆ ಪೂರ್ತಿಯಾಗುವುದಿಲ್ಲ, ಶೆಟ್ಟರು ನಮ್ಮಲ್ಲಿರಲಿಲ್ಲ. ಧೂಪದ ಮನುಷ್ಯನಿಗೆ ಹೊಟ್ಟೆ ಇದೆ, ಮೀಸೆ ಇದೆ, ಗತ್ತಿದೆ. ಅವನನ್ನೇ ಕೂರಿಸಿ, ಬಾಟಲಿ ಮುಚ್ಚಳಗಳಲ್ಲಿ ಅಕ್ಕಿ, ಬೇಳೆ, ಮೆಣಸು ಹರವಿದೆವು. ಬಾಯಲ್ಲಿ ಪೈಪು ಕಚ್ಚಿದ ಶೆಟ್ಟರು ಬಹುಶಃ ಇವರೊಬ್ಬರೇ.

ಕೆಳಗೆ ಪಾರ್ಕು. ಮಸೂರ್ ಪೈರು ದಟ್ಟವಾಗಿ ಬಂದಿದೆ, ರಾಗಿ ಸೊರಗಿದೆ. ಕನ್ನಡಿಯೇ ಎಲ್ಬೆ. ಅದರ ಮೇಲೆ ಸಿವಿಲ್ ಹುಡುಗ ರಟ್ಟಿನಲ್ಲಿ ಕರೋಲಾ ಸೇತುವೆ ಕಟ್ಟಿದ್ದಾನೆ, ಮೂರು ಪಟ್ಟಿಯಲ್ಲಿ ಒಂದು ಮುರಿದು ಕನ್ನಡಿಯೊಳಗೆ ಬಿದ್ದಂತೆ. ಗೊಂಬೆಯಲ್ಲಿ ಆ ವರ್ಷದ ಸುದ್ದಿ ಕೂರಿಸುವುದು ನಮ್ಮಲ್ಲೂ ಇದೆ, ಆದರೆ "ಮುರಿದದ್ದನ್ನ ಹಬ್ಬದಲ್ಲಿ ಇಡ್ತಾರೇನೇ?" ಎಂದಳು ಅಮ್ಮ. ಅವಳೇ ದಾರಿಯನ್ನೂ ಹೇಳಿದಳು: "ರಿಪೇರಿ ನಡೀತಿದೆ ಅಂತ ಮಾಡಿ." ಒಂದು ಹಳದಿ ಕ್ರೇನು ಸೇರಿತು.

ಅಕ್ಟೋಬರ್ 6

ಗೊಂಬೆ ಹಬ್ಬಕ್ಕೆ ಪೂಜೆಗಿಂತ, ಗೊಂಬೆಗಿಂತ ದೊಡ್ಡ ಸಾಮಗ್ರಿ ನೋಡಲು ಬರುವ ಮಕ್ಕಳು. ಬಾಗಿಲಲ್ಲಿ "ಗೊಂಬೆ ಕೂರ್ಸಿದೀರಾ?" ಎಂಬ ಕೂಗಿಲ್ಲದಿದ್ದರೆ ಅದು ಬರೀ ಷೋಕೇಸು. ಹಾಗಾಗಿ ಮೆಟ್ಟಿಲ ಬಳಿ ಜರ್ಮನ್‌ನಲ್ಲಿ ಚೀಟಿ ಅಂಟಿಸಿದ್ದೆ: ಸಂಜೆ ಐದರಿಂದ ಏಳು, ಗೊಂಬೆ ನೋಡಲು ಬನ್ನಿ, ಹಾಡು ಹೇಳಿದವರಿಗೆ ತಿಂಡಿ. ಮೊದಲೆರಡು ದಿನ ನಮ್ಮ ಗೆಳೆಯರಷ್ಟೇ. ನಿನ್ನೆ ಕೆಳಮನೆಯ ಇಬ್ಬರು ಮಕ್ಕಳು ಬಂದರು, ಇವತ್ತು ಅವರ ಹಿಂದೆ ಒಂದು ದಂಡು. ನವೆಂಬರ್ 11ರ ಸಂತ ಮಾರ್ಟಿನ್ ಮೆರವಣಿಗೆಯ ಲಾಟೀನು ಹಾಡನ್ನು ಒಟ್ಟಿಗೆ ಹೇಳಿದರು. ಚರಪಿಗೆ ಕಡಲೆಕಾಳು ಉಸಲಿ, ಕೊಬ್ಬರಿ ಮಿಠಾಯಿ. ಉಸಲಿ ತಾನಾಗಿಯೇ ವೀಗನ್, ಇಲ್ಲಿ ಅದು ದೊಡ್ಡ ಗೌರವ. ಒಬ್ಬಳಿಗೆ ಗೋಧಿ ಆಗುವುದಿಲ್ಲ. ಡಬ್ಬಿ ಹಿಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದಕ್ಕೆ ಅವಳ ಪಾಲಿಗೆ ಬೇರೆ ಒಗ್ಗರಣೆ.

ಒಬ್ಬ ಪುಟ್ಟ ತನ್ನ ಪ್ಲಾಸ್ಟಿಕ್ ಡೈನೋಸಾರನ್ನೂ ಕೂರಿಸಬಹುದೇ ಎಂದು ಕೇಳಿದ. ಕೂರಿಸಬಹುದು, ಆದರೆ ದಶಮಿವರೆಗೂ ಏಳಿಸುವ ಹಾಗಿಲ್ಲ ಎಂದೆ. ಬಹಳ ಯೋಚಿಸಿ, ಆನೆಗಳ ಹಿಂದೆ ನಿಲ್ಲಿಸಿದ. ಈಗ ದಿನಾ ಬಾಗಿಲು ತಟ್ಟುತ್ತಾನೆ, ಹಾಜರಿ ತೆಗೆದುಕೊಳ್ಳಲು.

ಅಕ್ಟೋಬರ್ 11

ಆಯುಧ ಪೂಜೆ. ಅಂಗಳದಲ್ಲಿ ಸಾಲಾಗಿ ಸೈಕಲ್ಲು, ಲ್ಯಾಪ್‌ಟಾಪು, ಕ್ಯಾಲ್ಕುಲೇಟರು, ಪಿಯಾನೊದವಳ ತಾಳ ಹಿಡಿಯುವ ಮೆಟ್ರೊನೋಮು. ಒಳಗೆ ಹೊಗೆ ಪತ್ತೆಯ ಅಲಾರಂ ಇರುವುದರಿಂದ ಕರ್ಪೂರ ಹೊರಗೇ. ಸೈಕಲ್ ಚಕ್ರಕ್ಕೆ ನಿಂಬೆಹಣ್ಣು ಜಗ್ಗಲಿಲ್ಲ, ಪಕ್ಕಕ್ಕೆ ಉರುಳಿತು. ಸಿವಿಲ್ ಹುಡುಗ ಮೇಲೆ ಕೂತ ಮೇಲೆ ಒಡೆಯಿತು.

ಅಕ್ಟೋಬರ್ 13

ನಿನ್ನೆ ವಿಜಯದಶಮಿ. ಮಧ್ಯಾಹ್ನ ಊಟಕ್ಕೆ ಕೂತು ಅಭಿಮನ್ಯು ಅಂಬಾರಿ ಹೊತ್ತು ಅರಮನೆಯಿಂದ ಹೊರಟದ್ದನ್ನು ನೇರಪ್ರಸಾರದಲ್ಲಿ ನೋಡಿದೆವು. ರಾತ್ರಿ ಪಟ್ಟದ ಗೊಂಬೆ ಮಲಗಿಸಿದೆ. ಡೈನೋಸಾರು ಕುಂಕುಮ ಸಮೇತ ಮನೆಗೆ ಹೋಯಿತು. ಇವತ್ತು ಎಲ್ಲ ಸುತ್ತಿಟ್ಟು ಕ್ರೇಟುಗಳನ್ನು ವಾಪಸು ಮಾಡಲು ಹೊರಟರೆ ಜಪಾನಿನವಳು ಬಾಗಿಲಿಗೆ ಅಡ್ಡ ನಿಂತಳು. ಮಾರ್ಚ್ 3ಕ್ಕೆ ಅವಳಿಗೆ ಏಳು ಮೆಟ್ಟಿಲು ಬೇಕಂತೆ. ಇದೇ ಅಗಲಕ್ಕೆ 84 ಕ್ರೇಟು, ಏಳಡಿ ಎತ್ತರ. ಹಳೇ ಕಟ್ಟಡ, ಚಾವಣಿ ಎತ್ತರವಿದೆ, ಹಿಡಿಸುತ್ತದೆ. ಠೇವಣಿ 126 ಯೂರೊ. ಅಷ್ಟನ್ನು ಕುಡಿದು ಖಾಲಿ ಮಾಡುವವರು ಯಾರು ಎಂದು ಕೇಳಿದ್ದಕ್ಕೆ ಸಿವಿಲ್ ಹುಡುಗ ಕೈ ಎತ್ತಿದ್ದಾನೆ.