ಕಳಪೆ ಧ್ವನಿಮುದ್ರಣಕ್ಕೂ ಒಳ್ಳೆಯ ಸ್ಪೀಕರ್ ಬೇಕು

ಧಾರವಾಡ, ಗದಗ, ಹುಬ್ಬಳ್ಳಿಯ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಸಂಗೀತಪ್ರಿಯರ ಮನೆಗಳಲ್ಲಿ ಹಳೆಯ ಹಿಂದುಸ್ತಾನಿ ಬೈಠಕ್‌ಗಳ, ಅಂದರೆ ಸಣ್ಣ ಕಛೇರಿಗಳ, ಕ್ಯಾಸೆಟ್ಟುಗಳು ಈಗಲೂ ಇವೆ. ಜೊತೆಗೆ ಒಂದು ನಂಬಿಕೆಯೂ ಇದೆ: ಇಂಥ ಮುದ್ರಣಗಳಿಗೆ ಒಳ್ಳೆಯ ಸ್ಪೀಕರ್ ದಂಡ, ಅದು ದೋಷಗಳನ್ನೇ ಎತ್ತಿ ತೋರಿಸುತ್ತದೆ, ಸಣ್ಣ ರೇಡಿಯೋದಲ್ಲಿ ಕೇಳುವುದೇ ವಾಸಿ. ಈ ಮಾತು ಅರ್ಧ ಮಾತ್ರ ನಿಜವೆಂಬುದು ನನ್ನ ಖಚಿತ ಅಭಿಪ್ರಾಯ.

ಟೇಪಿನ ಹಿಸ್ ಸದ್ದು, ಗ್ರಾಮಫೋನ್ ತಟ್ಟೆಯ ಚಿಟಪಟ, ವಿದ್ಯುತ್ತಿನಿಂದ ನುಸುಳಿದ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ, ಇವು ಗಾಯನಕ್ಕೆ ಹೊರಗಿನಿಂದ ಸೇರಿದವು. ಅಕ್ಕಿಯೊಳಗಿನ ಕಲ್ಲಿನ ಹಾಗೆ ಇವನ್ನು ಕಿವಿ ತಾನಾಗಿ ಆರಿಸಿ ಬದಿಗಿಡಬಲ್ಲದು. ಆದರೆ ಅದಕ್ಕೆ ಸ್ಪೀಕರ್ ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಸಬೇಕು. ಅಗ್ಗದ ಸ್ಪೀಕರ್‌ಗಳಲ್ಲಿ ಅನೇಕವು ಅಂಗಡಿಯಲ್ಲಿ ಚುರುಕಾಗಿ ಕೇಳಿಸಲೆಂದು ಮೇಲಿನ ಆವರ್ತನಗಳನ್ನು ಉಬ್ಬಿಸುತ್ತವೆ, ಹಿಸ್ ಎದ್ದು ಕಾಣುವುದೂ ಅಲ್ಲಿಯೇ. ಕೆಳಗೆ ಪೆಟ್ಟಿಗೆಯೇ ಗುಮ್ಮೆನ್ನುವುದರಿಂದ ತಬಲಾದ ಡಗ್ಗಾ ಮತ್ತು ತಂಬೂರಿಯ ಖರ್ಜ (ಕೆಳಗಿನ ಷಡ್ಜದ ತಂತಿ) ಒಂದರಲ್ಲೊಂದು ಕಲಸಿಹೋಗುತ್ತವೆ. ಸಮತೋಲದ ಸ್ಪೀಕರ್‌ನಲ್ಲಿ ಅದೇ ಕ್ಯಾಸೆಟ್ ಹಾಕಿದರೆ ಹಿಸ್ ಹೋಗುವುದಿಲ್ಲ, ಆದರೆ ಅದು ಹಿಂದೆ ಸರಿದು ನಿಲ್ಲುತ್ತದೆ, ಗಾಯಕರು ಉಸಿರು ತೆಗೆದುಕೊಳ್ಳುವುದು, ತಾಳದ ಮೊದಲ ಮಾತ್ರೆಯಾದ ಸಮ್ ಬಂದಾಗ ಮುಂದಿನ ಸಾಲಿನಿಂದ ಬರುವ ‘ವಾಹ್’ ಬೇರೆಬೇರೆಯಾಗಿ ಕೇಳಿಸುತ್ತವೆ. ಬೆಲೆ ಇದಕ್ಕೆ ಅಳತೆಗೋಲಲ್ಲ. ಮೇಲಿನ ಸ್ವರಗಳನ್ನು ಉಬ್ಬಿಸುವ ದುಬಾರಿ ಸ್ಪೀಕರ್‌ಗಳೂ ಬೇಕಾದಷ್ಟಿವೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ 78 ಆರ್‌ಪಿಎಂ ತಟ್ಟೆಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬರುವವರೆಗೆ ಗಾಯಕರು ದನಿ ಹಿಡಿಯುವ ಕಹಳೆಯ ಮುಂದೆ ಹಾಡುತ್ತಿದ್ದರು, ಸುಮಾರು 2,500 ಹರ್ಟ್ಸ್‌ಗಿಂತ ಮೇಲಿನದು ತಟ್ಟೆಗೆ ಇಳಿಯುತ್ತಿದ್ದುದು ತೀರ ಕಡಿಮೆ. ಹಾಗಿದ್ದರೂ ಕಂಠದ ತಿರುಳು ಆ ಕಿರಿದಾದ ಪಟ್ಟಿಯೊಳಗೇ ಇದೆ, ಆದ್ದರಿಂದ ಮಧ್ಯದ ಸ್ವರಗಳನ್ನು ನಿಷ್ಠೆಯಿಂದ ನುಡಿಸುವ ಸ್ಪೀಕರ್‌ನಲ್ಲಿ ಕಿರಾಣಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರ ಆರಂಭದ ತಟ್ಟೆಗಳೂ ಜೀವ ತಳೆಯುತ್ತವೆ. ಮುಳ್ಳೂ ಸರಿಯಾದದ್ದೇ ಇರಬೇಕು. ಮುಂದೆ ಬಂದ ಎಲ್‌ಪಿ ತಟ್ಟೆಯ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 25 ಮೈಕ್ರಾನ್ ಇದ್ದರೆ 78ರ ಮುಳ್ಳಿನದು ಸುಮಾರು 75. ಸಣ್ಣ ಮುಳ್ಳು ಅಗಲವಾದ ಗೀರಿನ ತಳಕ್ಕಿಳಿದು ಅಲ್ಲಿನ ಧೂಳನ್ನೇ ಕೆದಕುತ್ತದೆ.

ಇನ್ನರ್ಧ ಸತ್ಯ ಬೇರೆ ಬಗೆಯ ದೋಷಗಳಿಗೆ ಸಂಬಂಧಿಸಿದ್ದು. ತಾರ ಷಡ್ಜಕ್ಕೆ ಏರಿದಾಗ ರೆಕಾರ್ಡರ್ ತಾಳಲಾರದೆ ದನಿ ಒಡೆದಿದ್ದರೆ, ಆ ಒಡಕು ಸ್ವರದೊಳಗೇ ಹುಟ್ಟಿದ್ದು, ಅದನ್ನು ಕಿವಿ ಬೇರ್ಪಡಿಸಲಾರದು. ವಿಪರೀತ ಕುಗ್ಗಿಸಿದ ಎಂಪಿ3 ಕಡತಗಳಲ್ಲಿ ತಂಬೂರಿಯ ಜವಾರಿ (ತಂತಿಯ ಝೇಂಕಾರ) ನೀರುನೀರಾಗುವುದೂ ಇದೇ ಜಾತಿಯದು. ಇಂಥವನ್ನು ಒಳ್ಳೆಯ ಉಪಕರಣ ಖಂಡಿತ ಹೆಚ್ಚು ಬಯಲು ಮಾಡುತ್ತದೆ, ಅಂಥ ಕಡೆ ಸಣ್ಣ ರೇಡಿಯೋದ ಮಬ್ಬು ಸಹಾಯವೇ.

ಆದರೆ ಹಾಳಾಗಿದೆಯೆಂದು ಎತ್ತಿಟ್ಟ ಅನೇಕ ಕ್ಯಾಸೆಟ್ಟುಗಳಲ್ಲಿ ತಪ್ಪಿರುವುದು ಮುದ್ರಣವಲ್ಲ, ಟೇಪಿಗೆ ತಾಗಿ ದನಿಯನ್ನು ಓದುವ ಹೆಡ್ಡಿನ ಕೋನ. ಮುದ್ರಿಸಿದ ಯಂತ್ರದ ಹೆಡ್ಡಿಗೂ ನಮ್ಮ ಯಂತ್ರದ ಹೆಡ್ಡಿಗೂ ಕೂದಲೆಳೆಯಷ್ಟು ಓರೆ ಇದ್ದರೂ ಮೇಲಿನ ಸ್ವರಗಳು ಮಾಯವಾಗುತ್ತವೆ, ಕಂಬಳಿಯೊಳಗಿನಿಂದ ಹಾಡಿದಂತಾಗುತ್ತದೆ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು, ಟೇಪ್ ಓಡುತ್ತಿರುವಾಗಲೇ, ತುಸುತುಸುವೇ ತಿರುಗಿಸುತ್ತ ತಂಬೂರಿಯನ್ನು ಮಾತ್ರ ಗಮನಿಸಬೇಕು. ಒಂದು ಹಂತದಲ್ಲಿ ಜವಾರಿ ಥಟ್ಟನೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಚೂರು ತಿರುಗಿಸಿದರೆ ಮತ್ತೆ ಮಂಕಾಗುತ್ತದೆ. ಆ ನಡುವಿನ ಬಿಂದುವನ್ನು ಗುರುತಿಸಲು ಮೇಲಿನ ಸ್ವರಗಳನ್ನು ಉಬ್ಬಿಸದೆ, ನುಂಗದೆ ನುಡಿಸುವ ಸ್ಪೀಕರ್ ಬೇಕೇ ಬೇಕು. ಪುಣೆಯ ಬುಧವಾರ ಪೇಟೆಯಲ್ಲಿ ಹಳೆಯ ಕ್ಯಾಸೆಟ್ ಡೆಕ್ ಹುಡುಕುವವರು, ಅದನ್ನು ಕೊಳ್ಳುವ ಮುನ್ನ ಆ ತಿರುಪಿಗೆ ಸ್ಕ್ರೂಡ್ರೈವರ್ ತಲುಪುತ್ತದೆಯೇ ಎಂದು ಬಾಗಿಲು ತೆಗೆಸಿ ನೋಡಬೇಕು.