ಒಂದು ವರ್ಷ, ಒಂದೇ ದೇಶ: ನಮ್ಮ ಮನೆಯ ಸ್ವಿಟ್ಜರ್ಲೆಂಡ್ ಪಾಠ

ಫೆಬ್ರವರಿ 20. ಜೂನ್‌ನಲ್ಲಿ ಶುರುಮಾಡಿದ ಸ್ವಿಟ್ಜರ್ಲೆಂಡ್ ಪಾಠಕ್ಕೆ ಇದು ಒಂಬತ್ತನೇ ತಿಂಗಳು. ಆಗಾಗ ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನೆಲ್ಲ ಇವತ್ತು ಒಟ್ಟಿಗೆ ಬರೆಯುತ್ತಿದ್ದೇನೆ. ಮಕ್ಕಳಿಗೆ ಮನೆಯಲ್ಲೇ ಕಲಿಸುವ ಬೇರೆ ಕ್ರೈಸ್ತ ಕುಟುಂಬಗಳಿಗೆ ಉಪಯೋಗ ಆಗಬಹುದು.

ಹೋದ ವರ್ಷ ನಾವು ಪ್ರಪಂಚ ಸುತ್ತಿದ್ದೆವು. ಎರಡು ವಾರಕ್ಕೊಂದು ದೇಶ. ಒಂದು ಬಾವುಟ, ಒಂದು ತಿಂಡಿ, ಒಂದು ಕಥೆ, ಆಮೇಲೆ ಮುಂದಿನ ದೇಶ. ಮಾರ್ಚ್‌ನಲ್ಲಿ ಕೇಳಿ ನೋಡಿದರೆ ಮಕ್ಕಳಿಗೆ ಬಾವುಟಗಳು ನೆನಪಿದ್ದವು. ಆ ದೇಶಗಳ ಒಬ್ಬ ಮನುಷ್ಯನ ಹೆಸರೂ ಬಾಯಿಗೆ ಬರಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ವರ್ಷ ಒಂದೇ ದೇಶ, ಅದೂ ಕಥೆಪುಸ್ತಕಗಳ ಮೂಲಕ.

ಯಾವ ದೇಶ ಅನ್ನೋದನ್ನು ನಮ್ಮ ಮಾಡು ತೀರ್ಮಾನಿಸಿತು. ನಮ್ಮದು ಮಂಗಳೂರಿನ ಹಳೇ ಹಂಚಿನ ಮನೆ. ಮೇ ಕೊನೆಯಲ್ಲಿ, ಮಳೆ ಹಿಡಿಯೋದಕ್ಕೆ ಮುಂಚೆ, ಒಡೆದ ಹಂಚು ಬದಲಾಯಿಸಲು ಕೆಲಸದವರು ಮೇಲೆ ಹತ್ತಿದ್ದರು. ಇಳಿಸಿದ ಹಂಚೊಂದರಲ್ಲಿ ಬಾಸೆಲ್ ಮಿಷನ್ ಹೆಸರು, 1865 ಅನ್ನೋ ಇಸವಿ ಉಬ್ಬಕ್ಷರದಲ್ಲಿ ಇತ್ತು. ಏಳು ವರ್ಷದ ಮಗ ಅದರ ಪಾಚಿ ಒರೆಸಿ, "ಅಮ್ಮ, ಬಾಸೆಲ್ ಅಂದ್ರೆ ಯಾರು?" ಅಂದ. ಎಲ್ಲಿ ಅಂತ ಕೇಳಲಿಲ್ಲ, ಯಾರು ಅಂತ ಕೇಳಿದ. ನಮ್ಮ ಸಭೆ ಶುರುವಾದದ್ದೇ ಆ ಮಿಷನರಿಗಳಿಂದ. ನಮ್ಮ ಮನೆಯವರ ಮುತ್ತಜ್ಜ ದುಡಿದದ್ದು ಅವರ ಹಂಚಿನ ಕಾರ್ಖಾನೆಯಲ್ಲಿ. ಆದರೂ ಬಾಸೆಲ್ ಅನ್ನೋ ಸ್ವಿಟ್ಜರ್ಲೆಂಡಿನ ಊರಿನ ಬಗ್ಗೆ ನನಗೆ ಎರಡು ವಾಕ್ಯಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ.

ಜೂನ್

ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದೆವು. ಸ್ವಿಟ್ಜರ್ಲೆಂಡ್ 41,285 ಚದರ ಕಿಲೋಮೀಟರ್. ಕರ್ನಾಟಕದೊಳಗೆ ಅಂಥ ನಾಲ್ಕು ದೇಶ ಹಿಡಿಸಿ ಇನ್ನೂ ಜಾಗ ಉಳಿಯುತ್ತದೆ. ಹನ್ನೊಂದು ವರ್ಷದ ಮಗಳು ಅಳತೆ ಮಾಡಿ ಎರಡನ್ನೂ ಪಕ್ಕಪಕ್ಕ ಬರೆದಳು. ಗೋಡೆಗೆ ಅಂಟಿಸಿದ ನಕ್ಷೆ ಜುಲೈ ಮಳೆಯ ತೇವಕ್ಕೆ ಬೂಸ್ಟು ಹಿಡಿದು ಹಾಳಾಯಿತು. ಎರಡನೆಯದನ್ನು ಹಲಗೆಗೆ ಪಿನ್ ಮಾಡಿ ಒಳಕೋಣೆಯಲ್ಲಿ ಇಟ್ಟಿದ್ದೇವೆ.

ನಮ್ಮ ದಿನ ಹೀಗೆ ನಡೆಯುತ್ತದೆ. ಬೆಳಗ್ಗೆ ಒಂದು ಹಾಡು, ಪ್ರಾರ್ಥನೆ, ಒಂದು ಕೀರ್ತನೆ. ಮೊದಲು ಬಾಯಿಪಾಠ ಮಾಡಿದ್ದು 121ನೇ ಕೀರ್ತನೆ, ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ. ಆಮೇಲೆ ಅರ್ಧ ಗಂಟೆ ನಾನು ಗಟ್ಟಿಯಾಗಿ ಓದುತ್ತೇನೆ. ಓದಿ ಮುಗಿದ ಮೇಲೆ ಮಕ್ಕಳು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಪ್ರಶ್ನೆ-ಉತ್ತರ ಇಲ್ಲ, ಬಿಟ್ಟ ಸ್ಥಳ ತುಂಬುವುದಿಲ್ಲ. ಇದು ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ನೂರು ವರ್ಷದ ಹಿಂದೆಯೇ ಹೇಳಿಕೊಟ್ಟ ಕ್ರಮ. ನಮ್ಮಲ್ಲಿ ಒಂದು ಸಣ್ಣ ಬದಲಾವಣೆ ಇದೆ. ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನವು, ಮಕ್ಕಳು ಹೇಳೋದು ಕನ್ನಡದಲ್ಲಿ. ಮಗ ಜೋಶ್ ಬಂದಾಗ ತುಳುವಿಗೆ ಇಳಿಯುತ್ತಾನೆ, ನಾನು ತಡೆಯೋದಿಲ್ಲ. ಕೇಳಿದ್ದನ್ನು ಬೇರೆ ಭಾಷೆಯಲ್ಲಿ ಹೇಳಬೇಕಾದರೆ ಅದು ಪೂರ್ತಿ ಅರ್ಥ ಆಗಿರಲೇಬೇಕು. ಕಂಠಪಾಠಕ್ಕೆ ಅಲ್ಲಿ ಜಾಗವೇ ಇಲ್ಲ. ಈ ವರ್ಷ ನಾನು ಕಂಡುಕೊಂಡದ್ದರಲ್ಲಿ ಇದು ನನಗೆ ಬಹಳ ಮುಖ್ಯ.

ಗಣಿತ, ಕನ್ನಡ, ವಿಜ್ಞಾನ ಬೇರೆಯೇ ನಡೆಯುತ್ತವೆ. ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಜುಲೈ, ಆಗಸ್ಟ್

ಯೊಹಾನ್ನಾ ಸ್ಪೀರಿ ಬರೆದ 'ಹೈಡಿ' ಎರಡು ತಿಂಗಳು ಹಿಡಿಯಿತು. 1880ರ ದಶಕದ ಪುಸ್ತಕ, ಬೆಟ್ಟದ ಮೇಲೆ ತಾತನ ಜೊತೆ ಇರುವ ಪುಟ್ಟ ಹುಡುಗಿಯ ಕಥೆ. ಹೊರಗೆ ಧಾರಾಕಾರ ಮಳೆ, ಒಳಗೆ ಆಲ್ಪ್ಸ್ ಬೆಟ್ಟದ ಬಿಸಿಲು. ಚಿಕ್ಕಂದಿನಲ್ಲಿ ನಾನು ಓದಿದ್ದು ಸಂಕ್ಷಿಪ್ತ ಪುಸ್ತಕ. ಅದರಲ್ಲಿ ಪ್ರಾರ್ಥನೆಯ ಭಾಗವನ್ನೆಲ್ಲ ತೆಗೆದುಹಾಕಿದ್ದರು ಅಂತ ಈಗ ಗೊತ್ತಾಯಿತು. ಪೂರ್ತಿ ಪುಸ್ತಕದಲ್ಲಿ ಹೈಡಿ ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯಕಥೆಯನ್ನು ತಾತನಿಗೆ ಓದಿ ಹೇಳುತ್ತಾಳೆ. ಎಷ್ಟೋ ವರ್ಷದಿಂದ ಊರಿನವರ ಮೇಲೆ, ದೇವರ ಮೇಲೆ ಮುನಿಸಿಕೊಂಡು ಬೆಟ್ಟದ ಮೇಲೆ ಕೂತಿದ್ದ ಮುದುಕ ಮರುದಿನವೇ ಅವಳ ಕೈಹಿಡಿದು ಊರಿನ ಆರಾಧನೆಗೆ ಇಳಿದು ಬರುತ್ತಾನೆ. ಆ ಪುಟ ಓದುವಾಗ ನನ್ನ ಗಂಟಲು ಕಟ್ಟಿತು. ಸಂಕ್ಷಿಪ್ತ ಪ್ರತಿ ಕೊಳ್ಳಬೇಡಿ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ.

ಬನ್ನಿನ ವಿಷಯ ಇಲ್ಲಿ ಬರೆಯಲೇಬೇಕು. ಹೈಡಿಯ ಗೆಳೆಯ ಪೀಟರನ ಅಜ್ಜಿಗೆ ಕಣ್ಣು ಕಾಣೋದಿಲ್ಲ, ಕಪ್ಪು ಬ್ರೆಡ್ಡು ಗಟ್ಟಿ, ಅಗಿಯಲು ಆಗೋದಿಲ್ಲ. ಅದಕ್ಕೆ ಫ್ರಾಂಕ್‌ಫರ್ಟಿನ ಶ್ರೀಮಂತರ ಮನೆಯಲ್ಲಿ ಹೈಡಿ ದಿನಾ ಊಟದ ಮೇಜಿನಿಂದ ಮೆತ್ತನೆಯ ಬಿಳಿ ಬನ್ನನ್ನು ತೆಗೆದು ಬಟ್ಟೆ ಕಪಾಟಿನಲ್ಲಿ ಬಚ್ಚಿಡುತ್ತಾಳೆ. ಆ ಅಧ್ಯಾಯ ಓದಿದ ಮೂರನೇ ದಿನ ಮಗನ ಕಪಾಟಿನಿಂದ ಇರುವೆ ಸಾಲು ಹೊರಟಿತ್ತು. ಬನಿಯನ್ನುಗಳ ಹಿಂದೆ, ಹ್ಯಾಂಕಿಯಲ್ಲಿ ಸುತ್ತಿದ ಎರಡು ಬೇಕರಿ ಬನ್. ಒಂದಕ್ಕೆ ಆಗಲೇ ಹಸಿರು ಬೂಸ್ಟು ಬಂದಿತ್ತು. "ಅಜ್ಜಿಗೆ ಹಲ್ಲಿಲ್ಲ ಅಲ್ವಾ" ಅಂದ. ನಮ್ಮ ಅತ್ತೆ ಇರೋದು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ. ಅವರಿಗೆ ಕೊಡೋದಾದರೆ ಕೂಡಲೇ ಕೊಡಬಹುದಿತ್ತು. ಆದರೆ ಹೈಡಿ ಕೂಡಿಟ್ಟಿದ್ದಳಲ್ಲ, ಅವನೂ ಕೂಡಿಟ್ಟ. ಅತ್ತೆ ಆ ಹ್ಯಾಂಕಿಯನ್ನು ಒಗೆದು ತಮ್ಮ ಸತ್ಯವೇದದ ಒಳಗೆ ಇಟ್ಟುಕೊಂಡಿದ್ದಾರೆ.

ಸೆಪ್ಟೆಂಬರ್, ಅಕ್ಟೋಬರ್

ಹದಿನಾರನೇ ಶತಮಾನದ ಸಭಾ ಸುಧಾರಣೆಯ (ರಿಫರ್ಮೇಶನ್) ಕಾಲ. ಇದು ಸುಲಭವಾಗಲಿಲ್ಲ. ಮಕ್ಕಳಿಗೆ ಒಗ್ಗುವ ಕಥೆಪುಸ್ತಕ ಸಿಗದೆ ನಾನೇ ಓದಿಕೊಂಡು ಕಥೆಯಾಗಿ ಹೇಳಬೇಕಾಯಿತು. 1519ರ ಜನವರಿ 1ರಂದು ಸುಧಾರಕ ಪಾದ್ರಿ ಜ್ವಿಂಗ್ಲಿ ಜ್ಯೂರಿಕ್‌ನಲ್ಲಿ ಮತ್ತಾಯನ ಸುವಾರ್ತೆಯನ್ನು ಮೊದಲ ಅಧ್ಯಾಯದಿಂದ ಸಾಲಾಗಿ ಬೋಧಿಸಲು ಶುರುಮಾಡಿದ್ದು, ಮಾಂಸ ಬಿಡಬೇಕಾದ 1522ರ ತಪಸ್ಸುಕಾಲದಲ್ಲಿ ಮುದ್ರಕ ಫ್ರೋಶೌವರ್‌ನ ಮನೆಯಲ್ಲಿ ಸಾಸೇಜ್ ತಿಂದದ್ದು ಊರಿಗೇ ದೊಡ್ಡ ಗಲಾಟೆಯಾದದ್ದು, ಅದೇ ಫ್ರೋಶೌವರ್ 1531ರಲ್ಲಿ ಜ್ಯೂರಿಕ್ ಬೈಬಲ್ ಅಚ್ಚು ಹಾಕಿದ್ದು. ಸಾಸೇಜ್ ಕಥೆಯನ್ನು ಮಗ ಕಂಡವರಿಗೆಲ್ಲ ಹೇಳಿಕೊಂಡು ಬಂದ.

ಕಷ್ಟ ಆದದ್ದು ಫೆಲಿಕ್ಸ್ ಮಾಂಜ್‌ನ ವಿಷಯ. ದೊಡ್ಡವರಾದ ಮೇಲೆ ನಂಬಿ ದೀಕ್ಷಾಸ್ನಾನ ತೆಗೆದುಕೊಳ್ಳಬೇಕು ಅಂದವನು. ಮೊದಲು ಜ್ವಿಂಗ್ಲಿಯ ಜೊತೆಗೇ ಇದ್ದವನು. 1527ರ ಜನವರಿಯಲ್ಲಿ ಅದೇ ಜ್ಯೂರಿಕ್ ನಗರಸಭೆ ಅವನನ್ನು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ಹೇಳಲೋ ಬೇಡವೋ ಅಂತ ಒಂದು ವಾರ ಯೋಚಿಸಿದೆ. ಕೊನೆಗೆ ಮಗಳಿಗೆ ಮಾತ್ರ ಹೇಳಿದೆ. "ಸತ್ಯವೇದ ಓದಿದವರೇ ಹಾಗೆ ಮಾಡಿದ್ರಾ?" ಅಂತ ಕೇಳಿದಳು. ಹೌದು ಅಂದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಒಳ್ಳೆಯವರ ಪಟ್ಟಿ ಮಾಡಿ ಕೊಟ್ಟು ಅದನ್ನೇ ಇತಿಹಾಸ ಅಂತ ಅವಳಿಗೆ ಕಲಿಸಲು ನನಗೆ ಮನಸ್ಸಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಈಗ ನದಿಯ ಚಿತ್ರ ಇದೆ, ಕೆಳಗೆ ಮಾಂಜ್‌ನ ಹೆಸರು ಇದೆ.

ಇನ್ನೊಬ್ಬ ಸುಧಾರಕ ಕ್ಯಾಲ್ವಿನ್, ಅವನಿದ್ದ ಜಿನೀವಾ, ಇವನ್ನು ಬೇಗ ಮುಗಿಸಿದೆ. ಮಗನಿಗೆ ಜ್ವರ ಬಂದು ಹತ್ತು ದಿನ ಪಾಠವೇ ಆಗಿರಲಿಲ್ಲ.

ನವೆಂಬರ್

ಆನ್ರಿ ಡ್ಯೂನಾನ್, ಜಿನೀವಾದವರು. ವ್ಯಾಪಾರದ ಕೆಲಸಕ್ಕೆ ಹೋದವರು 1859ರ ಜೂನ್‌ನಲ್ಲಿ ಇಟಲಿಯ ಸೊಲ್ಫೆರಿನೋ ಯುದ್ಧಭೂಮಿಯಲ್ಲಿ ಬಿದ್ದಿದ್ದ ಗಾಯಾಳುಗಳನ್ನು ಕಂಡು ಅಲ್ಲೇ ನಿಂತರು. ಅದರಿಂದ 1863ರಲ್ಲಿ ರೆಡ್ ಕ್ರಾಸ್ ಹುಟ್ಟಿತು. ಆಮೇಲೆ ಅವರು ದಿವಾಳಿಯಾದರು, ಜನ ಮರೆತೇಬಿಟ್ಟರು. ಹೈಡೆನ್ ಅನ್ನೋ ಊರಲ್ಲಿ ಬಡತನದಲ್ಲಿದ್ದವರಿಗೆ 1901ರಲ್ಲಿ ಮೊಟ್ಟಮೊದಲ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಬಂತು. ರೆಡ್ ಕ್ರಾಸ್ ಬಾವುಟ ಅಂದರೆ ಸ್ವಿಸ್ ಬಾವುಟದ ಬಣ್ಣ ಅದಲುಬದಲು ಮಾಡಿದ್ದು ಅಂತ ಮಗ ತಾನೇ ಕಂಡುಹಿಡಿದ!

ಮಗಳಿಗೆ ಮನಸ್ಸಿನಲ್ಲಿ ನಿಂತವರು ಪೌಲ್ ಗ್ರ್ಯೂನಿಂಗರ್. ಸೇಂಟ್ ಗ್ಯಾಲೆನ್‌ನ ಪೊಲೀಸ್ ಅಧಿಕಾರಿ. 1938ರಲ್ಲಿ ಸ್ವಿಟ್ಜರ್ಲೆಂಡ್ ಯಹೂದಿ ನಿರಾಶ್ರಿತರಿಗೆ ಗಡಿ ಮುಚ್ಚಿತು. ಇವರು ಬಂದವರ ಕಾಗದದಲ್ಲಿ, ಗಡಿ ಮುಚ್ಚುವ ಮೊದಲೇ ಬಂದವರು ಅನ್ನುವಂತೆ, ಹಿಂದಿನ ತಾರೀಖು ಹಾಕಿ ಒಳಗೆ ಬಿಟ್ಟರು. ಕೆಲಸ ಹೋಯಿತು, ಕೋರ್ಟು ತಪ್ಪಿತಸ್ಥ ಅಂತ ಹೇಳಿತು. 1972ರಲ್ಲಿ ಬಡವರಾಗಿಯೇ ತೀರಿಕೊಂಡರು. ಆ ತೀರ್ಪು ರದ್ದಾದದ್ದು 1995ರಲ್ಲಿ. "ಸುಳ್ಳು ತಾರೀಖು ಬರೆದದ್ದು ತಪ್ಪಾ?" ಅನ್ನೋ ಚರ್ಚೆ ರಾತ್ರಿ ಊಟದ ತನಕ ನಡೆಯಿತು. ಮಕ್ಕಳ ಅಪ್ಪ ಸತ್ಯವೇದದ ವಿಮೋಚನಕಾಂಡ ತೆಗೆದು, ಫರೋಹನ ಮಾತು ಕೇಳದೆ ಮಕ್ಕಳನ್ನು ಉಳಿಸಿದ ಸೂಲಗಿತ್ತಿಯರ ಭಾಗ ಓದಿದರು.

ಡಿಸೆಂಬರ್

ಪ್ಯಾಟ್ರೀಷಿಯಾ ಸೇಂಟ್ ಜಾನ್ ಬರೆದ 'ಟ್ರೆಷರ್ಸ್ ಆಫ್ ದಿ ಸ್ನೋ'. ಕ್ರಿಸ್‌ಮಸ್ ಸಂಜೆಯಿಂದಲೇ ಶುರುವಾಗುವ ಕಥೆ, ಅದಕ್ಕೇ ಈ ತಿಂಗಳಿಗೆ ಇಟ್ಟಿದ್ದೆ. ಲೂಸಿಯನ್‌ನ ಕೀಟಲೆಯಿಂದ ಪುಟ್ಟ ಡಾನಿ ಕಂದಕಕ್ಕೆ ಬಿದ್ದು ಕುಂಟನಾಗುತ್ತಾನೆ. ಅಕ್ಕ ಆನೆಟ್ ಕ್ಷಮಿಸೋದಿಲ್ಲ. ಲೂಸಿಯನ್ ಕಷ್ಟಪಟ್ಟು ಕೆತ್ತಿದ ಮರದ ಕುದುರೆಯನ್ನು ಅವಳು ಯಾರೂ ಇಲ್ಲದಾಗ ಬೀಳಿಸಿ ಮುರಿಯುತ್ತಾಳೆ. ಅಲ್ಲಿಗೆ ಓದು ನಿಲ್ಲಿಸಿ, ಹೇಳು ಅಂದರೆ ಮಗಳು ಬಾಯಿ ಬಿಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಸಂಜೆ ಅವಳೇ ತಮ್ಮನ ಹತ್ತಿರ ಹೋಗಿ, ಅವನ ಮಣ್ಣಿನ ಹಸುವಿನ ಕೊಂಬು ತಾನಾಗಿ ಮುರಿದದ್ದಲ್ಲ, ತಾನು ಮುರಿದದ್ದು ಅಂದಳು. ಆ ಹಸು ಮುರಿದದ್ದು ಅಕ್ಟೋಬರ್‌ನಲ್ಲಿ. ಅವನು ಅತ್ತ, ಆಮೇಲೆ ಇಬ್ಬರೂ ಸೇರಿ ಗೋಂದು ಹಚ್ಚಿದರು.

ಜನವರಿ

ಕೊನೆಗೂ ಬಾಸೆಲ್. ಇಲ್ಲಿ ನನ್ನದೇ ಒಂದು ತಪ್ಪು ತಿದ್ದಿಕೊಂಡೆ. ಬಾಸೆಲ್ ಮಿಷನ್ನಿನ ಕಿಟೆಲ್, ಮೋಗ್ಲಿಂಗ್ ಎಲ್ಲ ಸ್ವಿಟ್ಜರ್ಲೆಂಡಿನವರು ಅಂತ ಜೂನ್‌ನಲ್ಲೇ ಮಕ್ಕಳಿಗೆ ಹೇಳಿಬಿಟ್ಟಿದ್ದೆ. ಅವರು ಜರ್ಮನಿಯವರು. ಬಾಸೆಲ್ ಇರೋದು ರೈನ್ ನದಿಯ ದಡದಲ್ಲಿ, ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರೂ ಸೇರುವ ಜಾಗದಲ್ಲಿ. 1815ರಲ್ಲಿ ಅಲ್ಲಿ ಮಿಷನ್ ಶುರುವಾಯಿತು, ಗಡಿ ದಾಟಿ ಬಂದ ಜರ್ಮನ್ ಹುಡುಗರು ಅಲ್ಲಿ ಕಲಿತು ಹೊರಟರು. 1834ರಲ್ಲಿ ಮೂವರು ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಪತ್ರಿಕೆ ತಂದರು. 1865ರಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಹಾಕಿದರು. ಕಿಟೆಲರ ನಿಘಂಟು ಬಂದದ್ದು 1894ರಲ್ಲಿ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರು ಜರ್ಮನ್ನರನ್ನೆಲ್ಲ ಹೊರಗೆ ಕಳಿಸಿದರು, ಕಾರ್ಖಾನೆಗಳು ಬೇರೆಯವರ ಕೈಸೇರಿದವು. ನಕ್ಷೆಯಲ್ಲಿ ಮಗಳು ಗಡಿಯ ಗೆರೆಗೆ ಕೆಂಪು ಹಚ್ಚಿ, "ಅದಕ್ಕೇ ಬಾಸೆಲ್" ಅಂತ ಬರೆದಳು.

ಹಂಚಿನ ಮೇಲೆ ಬಿಳಿ ಹಾಳೆ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದೆವು. ಅಕ್ಷರ ಒಂದೊಂದೇ ಎದ್ದು ಬಂತು. ಮುತ್ತಜ್ಜನ ಕೈ ಇದೇ ಹಂಚನ್ನು ಮುಟ್ಟಿರಬಹುದು ಅಂದರು ನಮ್ಮ ಮನೆಯವರು. ಮಗ ತನ್ನ ಅಂಗೈಯನ್ನು ಅದರ ಮೇಲೆ ಒತ್ತಿ ತುಂಬಾ ಹೊತ್ತು ಹಾಗೇ ಇಟ್ಟುಕೊಂಡಿದ್ದ.

ಈಗ

ಮಗನಿಗೆ 'ಎ ಬೆಲ್ ಫಾರ್ ಉರ್ಸ್ಲಿ' ಓದುತ್ತಿದ್ದೇನೆ, 1945ರ ಚಿತ್ರಪುಸ್ತಕ. ಸೆಲಿನಾ ಷೋನ್ಸ್ ಬರೆದದ್ದು, ಕ್ಯಾರಿಜೀಟ್ ಅವರ ಚಿತ್ರಗಳು. ಬರೆದವರ ಭಾಷೆ ರೊಮಾನ್ಶ್. ಒಂದು ಲಕ್ಷಕ್ಕಿಂತ ಕಡಿಮೆ ಜನ ಆಡುವ ಆ ಭಾಷೆಯನ್ನು 1938ರಲ್ಲಿ ದೇಶದ ನಾಲ್ಕನೇ ರಾಷ್ಟ್ರಭಾಷೆ ಮಾಡಿದರು. ಇದನ್ನು ಕೇಳಿ ಅತ್ತೆ, "ನಮ್ಮ ತುಳುವಿಗೆ ಯಾವಾಗ?" ಅಂದರು. ಆಮೇಲೆ ಮಗಳಿಗೆ ಮ್ಯಾಟರ್‌ಹಾರ್ನ್ ಶಿಖರ ಹತ್ತಿದ ಕಥೆ ಬಾಕಿ ಇದೆ. 1865ರಲ್ಲಿ ಏಳು ಜನ ತುದಿ ಮುಟ್ಟಿದರು, ಇಳಿಯುವಾಗ ನಾಲ್ವರು ಬಿದ್ದು ಸತ್ತರು. ಹಂಚಿನ ಇಸವಿಯೂ ಅದೇ ಅಂತ ಅವಳೇ ಗುರುತು ಹಾಕಿಕೊಂಡಿದ್ದಾಳೆ.

ಉರ್ಸ್ಲಿಯ ಊರಿನಲ್ಲಿ ಮಾರ್ಚ್ 1ಕ್ಕೆ ಮಕ್ಕಳು ದನದ ಗಂಟೆ ಬಾರಿಸುತ್ತ ಬೀದಿ ಸುತ್ತಿ ಚಳಿ ಓಡಿಸುತ್ತಾರೆ. ಮಗ ಹಾಲಿನವರ ಮನೆಯಿಂದ ಹಳೇ ಕೊರಳ ಗಂಟೆಯೊಂದನ್ನು ಕೇಳಿ ತಂದಿದ್ದಾನೆ. ನಮ್ಮಲ್ಲಿ ಎಲ್ಲಿದೆ ಚಳಿ ಅಂದರು ಅತ್ತೆ. "ನಾನು ಸೆಕೆ ಓಡಿಸ್ತೇನೆ ಅಜ್ಜಿ" ಅಂದ. ಇನ್ನು ಒಂಬತ್ತು ದಿನ. ಹುಣಸೆಹಣ್ಣು ಹಾಕಿ ಉಜ್ಜಿ ಗಂಟೆಯ ಅರ್ಧ ಭಾಗ ಹೊಳೆಯುವಂತೆ ಮಾಡಿದ್ದಾನೆ, ಇನ್ನರ್ಧ ಬಾಕಿ.