ಅವ್ವನ ಹಲ್ಲಿನ ಸೆಟ್ಟು

ಅವ್ವನಿಗೆ ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ ಅದರ ಆರೈಕೆ ನನ್ನ ಪಾಲಿಗೆ ಬಂದಿದೆ. ನಮ್ಮ ರಾಯಚೂರಿನ ಎಷ್ಟೋ ಮನೆಗಳಲ್ಲಿ ಸೆಟ್ಟನ್ನು ಹಲ್ಲುಪುಡಿ ಹಾಕಿ ತಿಕ್ಕುವುದನ್ನು ಕಂಡು ಸಂಕಟಪಟ್ಟಿದ್ದೇನೆ. ಅದರ ಗುಲಾಬಿ ಭಾಗ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಪುಡಿಯಿಂದ ಸಣ್ಣ ಗೀರುಗಳೇಳುತ್ತವೆ, ಅವುಗಳಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ಕುದಿನೀರಿಗೆ ಹಾಕಿದರೆ ಆಕಾರವೇ ಕೆಡುತ್ತದೆ. ನಾನು ಬಕೆಟ್‌ನಲ್ಲಿ ಅರ್ಧ ನೀರು ತುಂಬಿ, ಅದರ ಮೇಲೆ ಹಿಡಿದು, ಮೆತ್ತನೆಯ ಬ್ರಷ್ಷು ಮತ್ತು ಸೌಮ್ಯ ಸೋಪಿನಿಂದ ತೊಳೆದು ಚೆನ್ನಾಗಿ ಜಾಲಿಸುತ್ತೇನೆ. ಕೈಜಾರಿದರೂ ನೀರಿಗೆ ಬೀಳುತ್ತದೆ, ಶಹಾಬಾದ್ ಕಲ್ಲಿನ ನೆಲಕ್ಕಲ್ಲ. ಅಂಗುಳಿಗೆ ತಾಗುವ ಒಳಮೈಯಲ್ಲಿ ಜೋಳದ ರೊಟ್ಟಿಯ ಚೂರು, ಶೇಂಗಾ ಚಟ್ನಿಯ ತರಿ ಅಂಟಿರುತ್ತವೆ. ಕಣ್ಣಿಗೆ ಕಾಣದಿದ್ದರೂ ಬೆರಳಾಡಿಸಿದರೆ ಗೊತ್ತಾಗುತ್ತದೆ.

ರಾತ್ರಿ ತೆಗೆದು ನೀರಿನಲ್ಲಿಡಲೇಬೇಕು, ವಸಡಿಗೂ ವಿಶ್ರಾಂತಿ ಬೇಕು. "ಬೊಚ್ಚುಬಾಯಲ್ಲಿ ಮೊಮ್ಮಕ್ಕಳ ಮುಂದೆ ಹೇಗೆ ಕೂರಲಿ?" ಎನ್ನುತ್ತಾಳೆ ಅವ್ವ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಮಕ್ಕಳು ಮಲಗಿದ ಮೇಲೆ ತೆಗೆಯುವುದೆಂದು ಒಪ್ಪಿಸಿದ್ದೇನೆ.

ಹಲ್ಲಿಲ್ಲದ ದವಡೆಯ ಎಲುಬು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಆಗ ಸೆಟ್ಟು ಸಡಿಲವಾಗಿ, ವಸಡು ಉಜ್ಜಿ ಹುಣ್ಣಾಗುತ್ತದೆ. ಮನೆಯಲ್ಲೇ ಅರದಿಂದ ಉಜ್ಜುವ ಸಾಹಸ ದಯವಿಟ್ಟು ಬೇಡ. ದಂತವೈದ್ಯರು ಒಳಮೈಗೆ ಹೊಸ ಪದರ ಕೊಟ್ಟು ಸರಿಯಾಗಿ ಕೂರಿಸುತ್ತಾರೆ.